ಬಸರಾಳಿನ ಮಕರವೂ ಯೋನನ ಮೀನೂ

ಮದ್ದೂರಿನಿಂದ ಮಳವಳ್ಳಿಯ ದಿಕ್ಕಿಗೆ ಹೊರಟು, ಕಬ್ಬಿನ ಗದ್ದೆಗಳ ನಡುವೆ ಕೆ. ಎಂ. ದೊಡ್ಡಿಯನ್ನು ಮುಟ್ಟಿದವರಿಗೆ ಚಿಕ್ಕರಸಿನಕೆರೆ ದೂರದ ಊರಲ್ಲ. ಕೆರೆಯನ್ನೇ ತನ್ನ ಹೆಸರಿನಲ್ಲಿ ಹೊತ್ತಿರುವ ಈ ಊರು ಕಾಲಭೈರವೇಶ್ವರನ ದೇಗುಲದಿಂದಲೂ, ಆ ದೇವರ ಹೆಸರಿನಲ್ಲಿ ಬಿಟ್ಟ ಬಸವನಿಂದಲೂ ಸುತ್ತಲ ಸೀಮೆಗೆಲ್ಲ ಪರಿಚಿತವಾಗಿದೆ. ಬಸವ ಬಂದನೆಂದರೆ ಜನ ದಾರಿ ಬಿಡುತ್ತಾರೆ, ಕೈಮುಗಿಯುತ್ತಾರೆ, ಮನೆಯ ಕಷ್ಟಸುಖಗಳನ್ನು ಅವನ ಮುಂದೆ ತೋಡಿಕೊಳ್ಳುತ್ತಾರೆ. ಈ ಸೀಮೆಯಲ್ಲಿ ನೆರೆಹೊರೆಯಾಗಿ ಬಾಳುತ್ತಿರುವ ನಮ್ಮ ಕ್ರೈಸ್ತ ಕುಟುಂಬಗಳಿಗೂ ಇದು ಹೊಸತಲ್ಲ. ಹೊಲ ಉಳುವ, ಗಾಡಿ ಎಳೆಯುವ, ಮನೆಯ ಮಗನಂತೆ ಬೆಳೆಯುವ ಪ್ರಾಣಿಗೆ ರೈತಾಪಿ ಜನ ಗೌರವ ಸಲ್ಲಿಸುವುದರಲ್ಲಿ ಸೋಜಿಗವೇನೂ ಇಲ್ಲ.

ಸೋಜಿಗವಿರುವುದು ಬೇರೆ ಕಡೆ. ಇದೇ ಜಿಲ್ಲೆಯ ಹಳೆಯ ದೇಗುಲಗಳ ಗೋಡೆಗಳಲ್ಲಿ ಯಾರೂ ಎಂದೂ ಸಾಕದ, ಯಾವ ಕಾಡಿನಲ್ಲೂ ಅಲೆಯದ, ಯಾವ ನೀರಿನಲ್ಲೂ ಈಜದ ಪ್ರಾಣಿಗಳು ಸಾಲುಗಟ್ಟಿ ನಿಂತಿವೆ. ಆನೆಯ ಸೊಂಡಿಲು ಮೊಸಳೆಯ ದವಡೆಗೆ ಸೇರಿದೆ. ಸಿಂಹದ ಕಾಲಿನ ಹಿಂದೆ ನವಿಲಿನ ಬಾಲ ಬಳ್ಳಿಯಾಗಿ ಹರಡಿದೆ. ನಮ್ಮ ಮಕ್ಕಳನ್ನು ಇಂತಹ ಸ್ಥಳಗಳಿಗೆ ಕರೆದೊಯ್ದಾಗ ಅವರು ಕೇಳುವ ಪ್ರಶ್ನೆ ಒಂದೇ: ದೇವರ ಮನೆಯ ಗೋಡೆಯಲ್ಲಿ ಇಂತಹ ವಿಕಾರ ಮೃಗಗಳೇಕೆ? ಹಿರಿಯರಾದ ನಾವು, ಅದು ಅವರ ಧರ್ಮದ ಸಂಗತಿ, ನಮಗೇಕೆ ಎಂದು ಮಾತು ಮುಗಿಸಿಬಿಡುತ್ತೇವೆ. ಆದರೆ ಅದು ನಮಗೂ ಸೇರಿದ ಸಂಗತಿ ಎಂಬುದನ್ನು ಈ ವಾರ ಓದುಗರ ಮುಂದಿಡಲು ಬಯಸುತ್ತೇವೆ.

ಆತಕೂರಿನ ನಾಯಿ

ಕಲ್ಲಿನಲ್ಲಿ ಪ್ರಾಣಿಗಳನ್ನು ಕಂಡರಿಸುವ ಪದ್ಧತಿ ಮದ್ದೂರು ತಾಲ್ಲೂಕಿಗೆ ಎಷ್ಟು ಹಳೆಯದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಪ್ರಸಿದ್ಧ ಶಾಸನಶಿಲೆ ಕ್ರಿ. ಶ. 949-50ರ ಕಾಲದ್ದು. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ ಸಂಗತಿಯನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ಸೇನಾನಿಗೆ, ಮೆಚ್ಚಿದ ಪ್ರಭುವಿನಿಂದ ಏನು ಬೇಕಾದರೂ ಕೇಳಿಕೊಳ್ಳುವ ಅವಕಾಶ ಒದಗಿತು. ಅವನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರ ತನ್ನ ನಾಯಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟ. ದೇಗುಲವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನೂ ಶಾಸನ ವಿಧಿಸುತ್ತದೆ.

ಈಗ ಈ ಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿರುವ ಆ ಉಬ್ಬುಶಿಲ್ಪವನ್ನು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಆ ಕಾಲದ ಜನ ಕಲ್ಲಿನಲ್ಲಿ ಪ್ರಾಣಿಯನ್ನು ಕೆತ್ತಿಸಿದ್ದು ಬರಿಯ ಅಲಂಕಾರಕ್ಕಾಗಿ ಅಲ್ಲ; ಆ ಕಲ್ಲಿಗೆ ಹೇಳಬೇಕಾದ ಮಾತೊಂದಿತ್ತು. ಕಾಳಿಯ ಕಲ್ಲು ಹೇಳುವುದು ನಿಷ್ಠೆಯನ್ನು. ಹಾಗಾದರೆ ಯಾರೂ ಕಾಣದ ಮಕರ ಹೇಳುವುದೇನನ್ನು?

ಬಸರಾಳಿನ ಗೋಡೆ

ಮಂಡ್ಯದಿಂದ ಉತ್ತರಕ್ಕೆ, ನಾಗಮಂಗಲದ ದಾರಿಯಲ್ಲಿ ಸಿಗುವ ಬಸರಾಳಿನ ಮಲ್ಲಿಕಾರ್ಜುನ ದೇಗುಲವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲವೂ ಅದೇ ಶತಮಾನದ್ದು. ಸೋಮನಾಥಪುರವೂ ಅದೇ ಶತಮಾನದ್ದು. ಇವುಗಳನ್ನು ಕೆತ್ತಿರುವುದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುವ ಗುಣ ಈ ಕಲ್ಲಿಗಿದೆ. ಆದುದರಿಂದಲೇ ಆನೆಯ ಕೊರಳಿನ ಗಂಟೆಯನ್ನೂ, ಹಂಸದ ಕೊಕ್ಕಿನ ಎಸಳನ್ನೂ ಚಿನ್ನದ ಕೆಲಸದಷ್ಟು ನಯವಾಗಿ ಬಿಡಿಸುವುದು ಸಾಧ್ಯವಾಯಿತು.

ಈ ದೇಗುಲಗಳ ಅಧಿಷ್ಠಾನವನ್ನು ಸುತ್ತುವರಿದಿರುವ ಪಟ್ಟಿಕೆಗಳಿಗೆ ಒಂದು ಕ್ರಮವಿದೆ. ಸೋಮನಾಥಪುರದಲ್ಲಿ ಅದನ್ನು ಬೆರಳಿಟ್ಟು ಎಣಿಸಬಹುದು. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು. ಅದರ ಮೇಲೆ ಬಳ್ಳಿಯ ಸುರುಳಿ. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಅದರ ಮೇಲೆ ಮಕರಗಳು. ಎಲ್ಲಕ್ಕೂ ಮೇಲೆ ಹಂಸಗಳು. ಭಾರ ಹೊರುವ ಪ್ರಾಣಿ ತಳದಲ್ಲಿ, ಹಾರುವ ಹಕ್ಕಿ ಮೇಲ್ತುದಿಯಲ್ಲಿ. ಮನುಷ್ಯರ ಕಥೆ ಮುಗಿದ ಮೇಲೆ, ಹಂಸ ಸಿಗುವ ಮೊದಲು, ನೋಡುವವನ ಕಣ್ಣು ಮಕರದ ಸಾಲನ್ನು ದಾಟಲೇಬೇಕು.

ಮಕರ ನೀರಿನ ಪ್ರಾಣಿ. ಪುರಾಣಗಳಲ್ಲಿ ಅದು ವರುಣನಿಗೂ ಗಂಗೆಗೂ ವಾಹನ. ಮಂಡ್ಯದ ರೈತನಿಗೆ ನೀರೆಂದರೆ ಏನೆಂದು ನಾವು ವಿವರಿಸಬೇಕಾಗಿಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆಯೇ ಈ ನೆಲ ಕಬ್ಬು ಭತ್ತಗಳ ಸೀಮೆಯಾಯಿತು. ನಾಲೆಗೆ ನೀರು ಬಿಡದ ವರ್ಷ ಅದೇ ನೆಲ ಬೀದಿಗಿಳಿಯುತ್ತದೆ. ಶಿಂಷೆ ತುಂಬಿ ಹರಿದಾಗ ಮನೆಮಂದಿಗೆ ಸಂತಸವೂ ಹೌದು, ಭಯವೂ ಹೌದು. ಜೀವ ಕೊಡುವುದೂ ಜೀವ ತೆಗೆಯುವುದೂ ಒಂದೇ ಆಗಿರುವ ಈ ವಸ್ತುವಿಗೆ ಶಿಲ್ಪಿ ಯಾವ ರೂಪ ಕೊಟ್ಟಾನು? ಕಂಡ ಪ್ರಾಣಿಗಳಲ್ಲಿ ಯಾವುದೊಂದೂ ಸಾಲದೆ ನಾಲ್ಕನ್ನು ಕೂಡಿಸಿದ. ಅದರ ಬಾಯನ್ನು ದೊಡ್ಡದಾಗಿ ತೆರೆದಿಟ್ಟ.

ಆ ಬಾಯನ್ನು ಗಮನಿಸುವಂತೆ ಓದುಗರಲ್ಲಿ ನಮ್ಮ ವಿನಂತಿ. ದೇಗುಲದ ಬಾಗಿಲ ಮೇಲೆ ಅಥವಾ ಮೂರ್ತಿಯ ಹಿಂದೆ ಮಕರತೋರಣವಿದ್ದಲ್ಲಿ ಎರಡು ಬದಿಗಳಲ್ಲಿ ಎರಡು ಮಕರಗಳಿರುತ್ತವೆ. ಅವುಗಳ ತೆರೆದ ಬಾಯಿಗಳಿಂದ ಹೊರಟ ಕಮಾನು ಮೇಲೇರಿ ನಡುವೆ ಕೂಡುತ್ತದೆ. ಅಭಿಷೇಕದ ನೀರು ಹೊರಬೀಳುವ ಕಲ್ಲಿನ ದೋಣಿಗೂ ಎಷ್ಟೋ ಕಡೆ ಮಕರದ ಮುಖವೇ ಇರುತ್ತದೆ. ನುಂಗುವುದಕ್ಕೆಂದು ತೆರೆದಂತೆ ಕಾಣುವ ಬಾಯಿ ಅಲ್ಲಿ ಕೊಡುತ್ತಿದೆ.

ಇಟಲಿಯ ಬಾಗಿಲುಗಳು

ಬಸರಾಳಿನ ಶಿಲ್ಪಿಗಳು ಉಳಿ ಹಿಡಿಯುವುದಕ್ಕೆ ನೂರು ವರ್ಷ ಮೊದಲು, ಕಡಲಿನಾಚೆ ಇಟಲಿಯ ಶಿಲ್ಪಿಗಳೂ ಇಂತಹದೇ ಕೆಲಸದಲ್ಲಿ ತೊಡಗಿದ್ದರು. ವೆರೋನಾ ನಗರದ ಪ್ರಧಾನ ದೇವಾಲಯದ ಬಾಗಿಲ ಕಂಬಗಳನ್ನು ಹೊತ್ತು ಕುಳಿತಿರುವುದು ಒಂದು ಜೋಡಿ ಗ್ರಿಫಿನ್‌ಗಳು. ಸಿಂಹದ ಮೈ, ಹದ್ದಿನ ತಲೆ, ಹದ್ದಿನ ರೆಕ್ಕೆ ಇರುವ ಮೃಗವೇ ಗ್ರಿಫಿನ್. 1139ರ ಸುಮಾರಿಗೆ ಸಿದ್ಧವಾದ ಈ ಬಾಗಿಲಿನಲ್ಲಿ ನಿಕೊಲಾವುಸ್ ಎಂಬ ಶಿಲ್ಪಿ ತನ್ನ ಹೆಸರನ್ನು ಕೆತ್ತಿದ್ದಾನೆ, ನಮ್ಮ ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆತ್ತಿರುವಂತೆ. ಮೋದೆನಾ ನಗರದಲ್ಲಿ 1099ರಲ್ಲಿ ಆರಂಭವಾದ ದೇವಾಲಯದ ಮಾಡಿನ ಅಂಚಿನಲ್ಲಿ ಎಂಟು ಕಲ್ಲಿನ ಫಲಕಗಳಿದ್ದವು. ಭೂಮಿಯ ಕೊನೆಯಲ್ಲಿ ವಾಸಿಸುವರೆಂದು ಅಂದಿನವರು ಭಾವಿಸಿದ್ದ ವಿಚಿತ್ರ ಜೀವಿಗಳು, ಎರಡು ಬಾಲದ ಮತ್ಸ್ಯಕನ್ಯೆ ಅವುಗಳಲ್ಲಿ ಮೂಡಿವೆ. ಮೂಲ ಫಲಕಗಳನ್ನು ಈಗ ದೇವಾಲಯದ ಪಕ್ಕದ ಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ವೆನಿಸ್ ನಗರದ ಸಂತ ಮಾರ್ಕರ ದೇವಾಲಯದ ಉತ್ತರದ ಗೋಡೆಯಲ್ಲಿ ಅಲೆಕ್ಸಾಂಡರ್ ದೊರೆಯನ್ನು ಗ್ರಿಫಿನ್‌ಗಳು ಆಕಾಶಕ್ಕೆ ಹೊತ್ತೊಯ್ಯುವ ಉಬ್ಬುಶಿಲ್ಪವೊಂದಿದೆ. ನಮ್ಮ ಬಳಪದ ಕಲ್ಲಿನ ಸ್ಥಾನದಲ್ಲಿ ಅಲ್ಲಿ ಅಮೃತಶಿಲೆ. ಮನುಷ್ಯನ ಮನಸ್ಸು ಮಾತ್ರ ಒಂದೇ.

ಆ ಕಾಲದ ಕ್ರೈಸ್ತರು ಈ ಮೃಗಗಳನ್ನು ಓದುವ ವಿಧಾನವನ್ನೂ ಬಲ್ಲವರಾಗಿದ್ದರು. ನಮ್ಮಲ್ಲಿ ಪಂಚತಂತ್ರದ ನರಿ, ಸಿಂಹ, ಎತ್ತುಗಳು ನೀತಿ ಹೇಳಿದಂತೆ, ಅವರಲ್ಲಿ ಫಿಸಿಯೊಲೊಗಸ್ ಎಂಬ ಪುರಾತನ ಗ್ರೀಕ್ ಗ್ರಂಥ ಪ್ರಾಣಿಗಳ ಮೂಲಕ ಧರ್ಮಬೋಧೆ ಮಾಡುತ್ತಿತ್ತು. ತನ್ನ ಎದೆಯ ರಕ್ತದಿಂದ ಮರಿಗಳನ್ನು ಬದುಕಿಸುವ ಪೆಲಿಕನ್ ಹಕ್ಕಿ ಪ್ರಭು ಯೇಸುವಿನ ಸಂಕೇತವಾದುದು ಈ ದಾರಿಯಿಂದಲೇ. ನೆಲವನ್ನೂ ಬಾನನ್ನೂ ಆಳುವ ಗ್ರಿಫಿನ್, ದೇವನೂ ಮಾನವನೂ ಆದ ಕ್ರಿಸ್ತನ ಎರಡು ಸ್ವಭಾವಗಳಿಗೆ ಗುರುತಾಯಿತು. ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ಧರ್ಮಸಭೆಯ ರಥವನ್ನು ಎಳೆಯುವುದಕ್ಕೆ ಗ್ರಿಫಿನ್ನನ್ನೇ ಹೂಡಿದ್ದಾನೆ.

ಸಂತ ಬರ್ನಾರ್ಡರ ಆಕ್ಷೇಪ

ಹಾಗೆಂದು ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ನಮ್ಮ ಮಕ್ಕಳು ಕೇಳುವ ಪ್ರಶ್ನೆಯನ್ನು ಒಂಬೈನೂರು ವರ್ಷಗಳ ಹಿಂದೆಯೇ ಒಬ್ಬ ಮಹಾಸಂತರು ಕೇಳಿದ್ದರು. ಕ್ಲೇರ್ವೋ ಮಠದ ಸಂತ ಬರ್ನಾರ್ಡರು 1125ರ ಸುಮಾರಿಗೆ ತಮ್ಮ ಸ್ನೇಹಿತರಾದ ಮಠಾಧಿಪತಿಯೊಬ್ಬರಿಗೆ ಬರೆದ ದೀರ್ಘ ಪತ್ರದಲ್ಲಿ ಮಠದ ಕಂಬಗಳಲ್ಲಿ ಕೆತ್ತಿದ ವಿಕಾರ ಮೃಗಗಳನ್ನು ಕಟುವಾಗಿ ಟೀಕಿಸಿದರು. ಒಂದು ತಲೆಗೆ ಹಲವು ಮೈ, ಒಂದು ಮೈಗೆ ಹಲವು ತಲೆ, ಮುಂದೆ ಒಂದು ಪ್ರಾಣಿ, ಹಿಂದೆ ಇನ್ನೊಂದು. ಇವನ್ನು ನೋಡುತ್ತ ನಿಂತರೆ ಸನ್ಯಾಸಿಗೆ ಧರ್ಮಗ್ರಂಥ ಓದಲು ಮನಸ್ಸಾದರೂ ಎಲ್ಲಿ ಉಳಿದೀತು ಎಂಬುದು ಅವರ ಚಿಂತೆ. ಅದೇ ಪತ್ರದಲ್ಲಿ ಅವರು ಇನ್ನೂ ಗಂಭೀರವಾದ ಮಾತನ್ನು ಎತ್ತುತ್ತಾರೆ. ದೇವಾಲಯದ ಗೋಡೆಗಳು ಥಳಥಳಿಸುತ್ತಿರುವಾಗ ಬಡವರು ಹಸಿದಿರುವುದು ನ್ಯಾಯವೇ? ಈ ಕೆತ್ತನೆಗಳಿಗೆ ನಾಚದಿದ್ದರೂ, ಅವುಗಳಿಗೆ ಸುರಿದ ಹಣಕ್ಕಾದರೂ ನಾಚಬಾರದೇ?

ಈ ಎರಡನೆಯ ಮಾತಿಗೆ ಇಂದಿಗೂ ಉತ್ತರ ಹೇಳುವುದು ಸುಲಭವಲ್ಲ. ಹೊಸ ದೇವಾಲಯ ಕಟ್ಟಲು ಹೊರಡುವ ಯಾವ ಧರ್ಮಕೇಂದ್ರವೂ ಅದನ್ನು ಮರೆಯಬಾರದು. ಆದರೆ ಮೊದಲನೆಯ ಮಾತಿನಲ್ಲಿ ಒಂದು ವಿಶೇಷವಿದೆ. ಆ ಮೃಗಗಳನ್ನು ಸಂತರು ಎಷ್ಟು ನಿಖರವಾಗಿ ವರ್ಣಿಸುತ್ತಾರೆಂದರೆ, ಅವರು ಅವನ್ನು ಬಹಳ ಹೊತ್ತು ನಿಂತು ನೋಡಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಕಲ್ಲಿನ ಮೃಗಕ್ಕೆ ಕಣ್ಣನ್ನು ಹಿಡಿದಿಡುವ ಶಕ್ತಿಯಿದೆಯೆಂದು ಅವರ ಆಕ್ಷೇಪವೇ ಸಾಕ್ಷಿ ನುಡಿಯುತ್ತದೆ. ಹಿಡಿದಿಟ್ಟ ಕಣ್ಣನ್ನು ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಯೋನನ ಮೀನು

ಈ ಪ್ರಶ್ನೆಗೆ ಉತ್ತರ ಸಿಗುವುದು ಪ್ರವಾದಿ ಯೋನನ ಕಥೆಯಲ್ಲಿ. ದೇವರ ಅಪ್ಪಣೆಗೆ ಬೆನ್ನು ತೋರಿಸಿ ಹಡಗು ಹತ್ತಿದ ಯೋನನನ್ನು ಬಿರುಗಾಳಿಯ ನಡುವೆ ಕಡಲಿಗೆ ಎಸೆದರು. ದೊಡ್ಡ ಮೀನೊಂದು ಅವನನ್ನು ನುಂಗಿತು. ಮೂರು ಹಗಲು ಮೂರು ಇರುಳು ಅದರ ಹೊಟ್ಟೆಯಲ್ಲಿದ್ದು ಅವನು ಪ್ರಾರ್ಥಿಸಿದ. ಮೀನು ಅವನನ್ನು ಒಣನೆಲಕ್ಕೆ ಕಕ್ಕಿತು. ಹೀಬ್ರೂ ಮೂಲದಲ್ಲಿರುವುದು ದೊಡ್ಡ ಮೀನು ಎಂದಷ್ಟೇ. ಗ್ರೀಕ್ ಭಾಷಾಂತರದಲ್ಲಿ ಅದಕ್ಕೆ ಕೇಟೋಸ್ ಎಂಬ ಪದ ಬಂತು. ಗ್ರೀಕರ ಕಲೆಯಲ್ಲಿ ಕೇಟೋಸ್ ಎಂದರೆ ಮೃಗದ ತಲೆ, ಮುಂಗಾಲು, ಸುರುಳಿ ಸುತ್ತಿದ ಬಾಲ ಇರುವ ಕಡಲ ಪ್ರಾಣಿ. ಆದುದರಿಂದ ಆದಿ ಕ್ರೈಸ್ತ ಶಿಲ್ಪಿಗಳು ಯೋನನನ್ನು ಮೀನಿನ ಬಾಯಿಗೆ ಹಾಕಲಿಲ್ಲ. ಈ ಕಲ್ಪಿತ ಮೃಗದ ಬಾಯಿಗೆ ಹಾಕಿದರು. ವ್ಯಾಟಿಕನ್ ಸಂಗ್ರಹಾಲಯದಲ್ಲಿರುವ, 3ನೆಯ ಶತಮಾನದ ಕೊನೆಯದೆನ್ನಲಾಗುವ ಅಮೃತಶಿಲೆಯ ಶವಪೆಟ್ಟಿಗೆಯೊಂದರ ಮೇಲೆ ಈ ದೃಶ್ಯ ಉಬ್ಬುಶಿಲ್ಪವಾಗಿ ಮೂಡಿದೆ. ಮುಂದೆ 12ನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ರವೆಲ್ಲೊ ದೇವಾಲಯದ ಉಪದೇಶಪೀಠದಲ್ಲಿ ಅದೇ ಮೃಗ ಬಣ್ಣದ ಹರಳುಗಳಲ್ಲಿ ಕಾಣಿಸಿಕೊಂಡಿತು: ಒಂದು ಬದಿಯಲ್ಲಿ ಯೋನನನ್ನು ನುಂಗುತ್ತಿದೆ, ಇನ್ನೊಂದು ಬದಿಯಲ್ಲಿ ಹೊರಹಾಕುತ್ತಿದೆ.

ಆ ಮೃಗದ ಚಿತ್ರವನ್ನು ಬಸರಾಳಿನ ಮಕರದ ಪಕ್ಕದಲ್ಲಿಟ್ಟು ನೋಡಿದರೆ ದೂರದ ದಾಯಾದಿಗಳನ್ನು ಒಂದೆಡೆ ಕಂಡಂತಾಗುತ್ತದೆ. ಎರಡೂ ನೀರಿನವು, ಎರಡೂ ಹಲವು ಪ್ರಾಣಿಗಳ ಕೂಡಿಕೆ, ಎರಡರ ಬಾಲವೂ ಸುರುಳಿ. ಅದಕ್ಕಿಂತ ಮುಖ್ಯವಾಗಿ, ಎರಡರ ಬಾಯಿಯೂ ಇಬ್ಬಗೆಯದು. ಯೋನನ ಗುರುತಿನ ಹೊರತು ಈ ಪೀಳಿಗೆಗೆ ಬೇರೆ ಗುರುತು ಸಿಗದೆಂದು ಪ್ರಭು ಯೇಸು ನುಡಿದುದನ್ನು ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸಮಾಧಿ ಒಂದು ಬಾಯಿ. ಅದು ನುಂಗಿದುದನ್ನು ಮೂರನೆಯ ದಿನ ಬಿಟ್ಟುಕೊಡಬೇಕಾಯಿತು. ಆದಿ ಕ್ರೈಸ್ತರು ತಮ್ಮ ಪ್ರಿಯರ ಶವಪೆಟ್ಟಿಗೆಯ ಮೇಲೆ ಅಷ್ಟು ಭಯಂಕರವಾದ ಮೃಗವನ್ನು ಕೆತ್ತಿಸಿದ್ದು ಸತ್ತವರನ್ನು ಹೆದರಿಸಲು ಅಲ್ಲ, ಬದುಕಿರುವವರಿಗೆ ಧೈರ್ಯ ಹೇಳಲು.

ಶಿಲುಬೆಯ ಮೇಲಿನ ಮಕರ

ಇವು ಎರಡು ದೂರದೇಶಗಳ ಆಕಸ್ಮಿಕ ಹೋಲಿಕೆ, ಇವಕ್ಕೆ ಸಂಬಂಧವೆಲ್ಲಿ ಎಂದು ಓದುಗರು ಕೇಳಬಹುದು. ಸಂಬಂಧವಿರುವುದು ನಮ್ಮ ದಕ್ಷಿಣ ಭಾರತದಲ್ಲಿಯೇ. ಚೆನ್ನೈನ ಸಂತ ತೋಮಾಸರ ಬೆಟ್ಟದ ಮೇಲೆ 1547ರಲ್ಲಿ ಪೋರ್ತುಗೀಜರು ದೇವಾಲಯ ಕಟ್ಟಲು ನೆಲ ಅಗೆದಾಗ ಶಿಲುಬೆಯೊಂದನ್ನು ಕಂಡರಿಸಿದ ಕಲ್ಲಿನ ಫಲಕ ದೊರೆಯಿತು. ಸುತ್ತಲೂ ಪ್ರಾಚೀನ ಪಾರಸಿಕರ ಪಹ್ಲವಿ ಲಿಪಿಯ ಬರಹ. ಶಿಲುಬೆಯ ತುದಿಗಳು ಮೊಗ್ಗಿನಂತೆ ಅರಳಿವೆ. ಮೇಲಿನಿಂದ ಪಾರಿವಾಳ ಇಳಿಯುತ್ತಿದೆ. ವಿದ್ವಾಂಸರು ಇದನ್ನು ಪೋರ್ತುಗೀಜರು ಬರುವುದಕ್ಕೆ ಹಲವು ಶತಮಾನ ಹಿಂದಿನದೆಂದು ಎಣಿಸುತ್ತಾರೆ. ಇಂದಿಗೂ ಅದು ಅಲ್ಲಿನ ಬಲಿಪೀಠದ ಹಿಂದೆ ಗೌರವದ ಸ್ಥಾನದಲ್ಲಿದೆ. ಕೇರಳದ ಕೋಟ್ಟಯಂನ ವಲಿಯಪಳ್ಳಿಯಲ್ಲಿಯೂ ಇದೇ ಬಗೆಯ ಶಿಲುಬೆಗಳಿವೆ.

ಬೆಟ್ಟದ ಶಿಲುಬೆಯ ಎರಡು ಬದಿಗಳಲ್ಲಿ ಎರಡು ಕಂಬಗಳಿವೆ. ಕಂಬಗಳ ತಲೆಯ ಮೇಲೆ ಎರಡು ಮಕರಗಳು ಕುಳಿತಿವೆ. ಅವುಗಳ ಬಾಯಿಂದ ಹೊರಟ ಕಮಾನು ಶಿಲುಬೆಯ ಮೇಲೆ ಚಪ್ಪರದಂತೆ ಬಾಗಿದೆ.

ನೆರೆಯ ದೇಗುಲಗಳಲ್ಲಿ ತೋರಣ ಕೆತ್ತುವುದನ್ನು ಬಲ್ಲ ಈ ನೆಲದ ಶಿಲ್ಪಿ ಅದನ್ನೇ ಕ್ರೈಸ್ತರ ಶಿಲುಬೆಯ ಮೇಲೂ ಬಿಡಿಸಿದ. ಆಗಿನ ವಿಶ್ವಾಸಿಗಳು, ಇದು ಅನ್ಯರ ಮೃಗ, ಇದನ್ನು ಅಳಿಸು ಎನ್ನಲಿಲ್ಲ. ನುಂಗುವಂತೆ ತೆರೆದ ಬಾಯಿಂದ ಶಿಲುಬೆಗೆ ನೆರಳು ಹುಟ್ಟುವುದನ್ನು ಕಂಡು ಅದರ ಮುಂದೆ ಮೊಣಕಾಲೂರಿದರು. ಇನ್ನು ಧರ್ಮಗ್ರಂಥದ ಮಾತೇ ಬೇಕೆಂದರೆ, 104ನೆಯ ಕೀರ್ತನೆ ಕಡಲಿನ ಲೆವಿಯಾಥಾನ್ ಎಂಬ ಮಹಾಮೃಗವನ್ನೂ ದೇವರ ಸೃಷ್ಟಿಗಳ ಪಟ್ಟಿಯಲ್ಲಿಯೇ ಸೇರಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನದಲ್ಲಿ, ಧರ್ಮಸಭೆ ಯಾವ ಒಂದು ಕಲಾಶೈಲಿಯನ್ನೂ ತನ್ನದೇ ಎಂದು ಹಿಡಿದುಕೊಂಡಿಲ್ಲವೆಂದು ಸ್ಪಷ್ಟಪಡಿಸಿದೆ. ಮಹಾಸಭೆ ಹೇಳುವುದಕ್ಕೆ ಸಾವಿರ ವರ್ಷ ಮೊದಲೇ ಆ ಅಜ್ಞಾತ ಶಿಲ್ಪಿ ಅದನ್ನು ಕಲ್ಲಿನಲ್ಲಿ ಹೇಳಿದ್ದ.

ನಮ್ಮ ಪಾಲಿನ ಕೆಲಸ

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ. ಬಸರಾಳು, ಹೊಸಹೊಳಲುಗಳು ಆ ಪಟ್ಟಿಯಲ್ಲಿ ಇಲ್ಲ. ಅವುಗಳಿಗಿಂತಲೂ ಸಣ್ಣ ಗುಡಿಗಳು, ಊರ ಹೊರಗಿನ ವೀರಗಲ್ಲುಗಳು, ಮಾಸ್ತಿಕಲ್ಲುಗಳು ನಮ್ಮ ಹಳ್ಳಿಗಳ ಅಂಚಿನಲ್ಲಿ ಎಷ್ಟೋ ಇವೆ. ಹಲವೆಡೆ ಅವುಗಳ ಮೇಲೆ ಬಟ್ಟೆ ಒಗೆಯುತ್ತಾರೆ. ಕೆಲವೆಡೆ ರಸ್ತೆ ಅಗಲವಾಗುವಾಗ ಅವು ಮಣ್ಣಿನಡಿ ಹೋಗುತ್ತವೆ. ಇನ್ನು ಕೆಲವೆಡೆ ಭಕ್ತಿಯಿಂದಲೇ ಬಳಿದ ಬಣ್ಣದ ಕೆಳಗೆ ಉಳಿಯ ಗುರುತುಗಳು ಮುಚ್ಚಿಹೋಗುತ್ತವೆ. ಆತಕೂರಿನ ನಾಯಿಯ ಕಥೆಯನ್ನು ನಾವು ಇಂದು ಹೇಳಬಲ್ಲೆವಾದರೆ, ಅದು ಶಾಸನಗಳನ್ನು ಹುಡುಕಿ ಓದಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರಂತಹವರ ಶ್ರಮದಿಂದ. ಓದುವವರಿಲ್ಲದೆ ಹೋದ ಕಲ್ಲು ಬರಿಯ ಕಲ್ಲು.

ನಮ್ಮ ಓದುಗರಲ್ಲಿ ನಾವು ಕೇಳಿಕೊಳ್ಳುವುದು ದೊಡ್ಡದೇನನ್ನೂ ಅಲ್ಲ. ಮುಂದಿನ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬಸರಾಳಿಗೋ ಸೋಮನಾಥಪುರಕ್ಕೋ ಕರೆದೊಯ್ಯಿರಿ. ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಲು ಹೇಳಿರಿ. ಮಕರದ ಸಾಲಿಗೆ ಬಂದಾಗ ಅವರು ಅದೇ ಪ್ರಶ್ನೆ ಕೇಳುತ್ತಾರೆ. ಆಗ ಮಾತು ಮುಗಿಸಬೇಡಿ. ಯೋನನ ಕಥೆ ಹೇಳಿರಿ, ಸಂತ ತೋಮಾಸರ ಬೆಟ್ಟದ ಶಿಲುಬೆಯ ಕಥೆ ಹೇಳಿರಿ. ನಿಮ್ಮ ಊರಿನಲ್ಲಿ ಯಾವುದಾದರೂ ಹಳೆಯ ಕಲ್ಲು ಅನಾಥವಾಗಿ ಬಿದ್ದಿದ್ದರೆ ಅದನ್ನು ಕದಲಿಸದೆ, ಬಣ್ಣ ಬಳಿಯದೆ, ಊರಿನ ಹಿರಿಯರಿಗೂ ಪುರಾತತ್ವ ಇಲಾಖೆಗೂ ತಿಳಿಸಿರಿ. ಅದು ಯಾವ ಧರ್ಮದವರ ಕಲ್ಲು ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಸಂತ ಬರ್ನಾರ್ಡರ ಎಚ್ಚರಿಕೆಯನ್ನು ಮರೆಯದಿರೋಣ: ಕಲ್ಲನ್ನು ನೋಡುತ್ತ ಹಸಿದವನನ್ನು ಮರೆತರೆ ನಾವು ನೋಡಿದುದು ವ್ಯರ್ಥ. ಆದರೆ ನೆರೆಯವನ ಕಲ್ಲಿಗೆ ಹೆದರಿ ಮುಖ ತಿರುಗಿಸುವುದೂ ಭಕ್ತಿಯಲ್ಲ. ಮನುಷ್ಯನ ಭಯಕ್ಕೆ ಎಲ್ಲ ದೇಶಗಳಲ್ಲೂ ಒಂದು ತೆರೆದ ಬಾಯಿಯಿದೆ. ನಮಗದು ಬರಗಾಲವಾಗಿರಬಹುದು, ಸಾಲವಾಗಿರಬಹುದು, ಸಾವಾಗಿರಬಹುದು. ಆ ಬಾಯಿಂದಲೂ ಬಳ್ಳಿಯೊಂದು ಹೊರಟು ಮೇಲಕ್ಕೆ ಏರೀತೆಂದು ಬಸರಾಳಿನ ಸೀಮೆಯ ಶಿಲ್ಪಿಯೂ, ಇಟಲಿಯ ಶಿಲ್ಪಿಯೂ, ತೋಮಾಸರ ಬೆಟ್ಟದ ಶಿಲ್ಪಿಯೂ ನಂಬಿದ್ದರು. ಚಿಕ್ಕರಸಿನಕೆರೆಯ ಕಡೆ ನಾಲೆಗೆ ನೀರು ಬಂದ ದಿನ ಗದ್ದೆಯ ಬದುವಿನ ಮೇಲೆ ನಿಂತ ರೈತನ ಮುಖ ನೋಡಿದವರಿಗೆ ಆ ನಂಬಿಕೆಯನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.